ನಿಜವಾದ ಮೊದಲ ಸಂಶೋಧಕ

ಏಳನೆಯ ಹಾಳೆಯಲ್ಲಿ ಟೈಪಿಸ್ಟ್ ಪಂಕಜಾ ಬಿಟ್ಟಿದ್ದ ಖಾಲಿ ಜಾಗದಲ್ಲಿ ಅಣುವಿನ ಐದು ಮೂಲೆಯ ಉಂಗುರವೊಂದನ್ನು ಬರೆದು ಮುಗಿಸಿದ ಲಕ್ಷ್ಮೀಪತಿ, ಶಾಯಿ ಆರಲೆಂದು ಹಾಳೆಯನ್ನು ಕಿಟಕಿಯ ಕಡೆಗೆ ಸರಿಸಿದರು. ಉಂಗುರದ ಮೂರು ಮೂಲೆಗಳಲ್ಲಿ ಇಂಗಾಲ, ಎರಡರಲ್ಲಿ ಸಾರಜನಕ. ಇಂಥವೇ ಹನ್ನೊಂದು ಚಿತ್ರಗಳಿದ್ದವು. ಕಾರ್ಬನ್ ಪ್ರತಿಯಲ್ಲಿ ಗೆರೆ ಮಸುಕಾಗುತ್ತದೆಂದು ಅವರು ಮೂರು ಪ್ರತಿಗಳಲ್ಲೂ ಕೈಯಿಂದಲೇ ಬರೆಯುತ್ತಿದ್ದರು. ಬೆಳಗಿನಿಂದ ಕೂತು ಬೆನ್ನು ನೋಯುತ್ತಿತ್ತು.

ಪಂಕಜಾ ಇನ್ನೊಂದು ಹಾಳೆ ತಂದು ಮೇಜಿನ ಮೇಲಿಟ್ಟಳು.

"ಸಾರ್, ಇದನ್ನೂ ಒಂದ್ಸಲ ನೋಡ್ಬಿಡಿ."

"ಇದರಲ್ಲಿ ಚಿತ್ರ ಇಲ್ವಲ್ಲಮ್ಮ."

"ಇಲ್ಲ ಸಾರ್. ಸುಮ್ನೆ ನೋಡಿ."

ಅವಳು ತನ್ನ ಕುರ್ಚಿಗೆ ವಾಪಸು ಹೋಗಲಿಲ್ಲ. ಲಕ್ಷ್ಮೀಪತಿ ಕನ್ನಡಕ ಸರಿಮಾಡಿಕೊಂಡು ಓದಿದರು. ಮದರಾಸಿನ ಪೇಟೆಂಟ್ ಕಚೇರಿಗೆ ಸಲ್ಲಿಸುವ ಅರ್ಜಿಯ ಮೊದಲ ಪುಟ ಅದು. ಅರ್ಜಿದಾರರ ಜಾಗದಲ್ಲಿ ಕಂಪನಿಯ ಹೆಸರಿತ್ತು. ಅದರ ಕೆಳಗೆ 'ನಿಜವಾದ ಹಾಗೂ ಮೊದಲ ಸಂಶೋಧಕ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲಿನ ಎದುರು ಪಂಚಾಕ್ಷರಿ, ಎಂ.ಫಾರ್ಮ್. ಎಂದು ಟೈಪಾಗಿತ್ತು. ಅವರು ಇನ್ನೊಮ್ಮೆ ಓದಿದರು. ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಸ್ಪೆಲಿಂಗ್ ಸರಿಯಾಗಿದೆ," ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು.

ಇದು ೧೯೭೩ನೇ ಇಸವಿಯ ಜೂನ್ ತಿಂಗಳ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಚನ್ನವೀರಪ್ಪನವರ ಔಷಧ ಕಾರ್ಖಾನೆ ಕೆಮ್ಮಿನ ಸಿರಪ್ಪು, ನೋವಿನ ಮುಲಾಮು, ಸಲ್ಫಾ ಮಾತ್ರೆಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆಯ ಹಿಂದುಗಡೆ ಆಸ್ಬೆಸ್ಟಾಸ್ ಚಾವಣಿಯ ಒಂದು ಕೋಣೆ ಇತ್ತು. ಅದೇ ಪ್ರಯೋಗಶಾಲೆ. ಲಕ್ಷ್ಮೀಪತಿ ಅಲ್ಲಿ ಕೆಮಿಸ್ಟ್. ಆಗ ಅವರಿಗೆ ನಲವತ್ತೆಂಟು. ಮಾತ್ರೆ ಸಿರಪ್ಪುಗಳ ಪರೀಕ್ಷೆ ಅವರ ನೌಕರಿ. ಅದು ಮುಗಿದ ಮೇಲೆ ಸಂಜೆ ಉಳಿದುಕೊಂಡು, ಭಾನುವಾರಗಳಲ್ಲಿ ಬಂದು, ಐದು ವರ್ಷ ಅವರು ಕೊಕ್ಕೆಹುಳುವಿನ ಒಂದು ಮದ್ದನ್ನು ತಯಾರಿಸುವ ಸುಲಭದ ದಾರಿ ಹುಡುಕಿದ್ದರು. ಆ ಮದ್ದಿನ ಉಂಗುರವನ್ನು ಕೂಡಿಸಲು ಎಲ್ಲರೂ ಬಳಸುತ್ತಿದ್ದ ವಿಧಾನಕ್ಕೆ ಭಾರಿ ಒತ್ತಡ ತಡೆಯುವ ಉಕ್ಕಿನ ಪಾತ್ರೆ ಬೇಕು. ಇಂಥ ಸಣ್ಣ ಕಾರ್ಖಾನೆಗಳ ಕೈಗೆ ಅದು ಎಟುಕುತ್ತಿರಲಿಲ್ಲ. ಲಕ್ಷ್ಮೀಪತಿ ಅದನ್ನು ಗಾಜಿನ ಫ್ಲಾಸ್ಕಿನಲ್ಲಿ, ಮೊದಲು ಐಸಿನಲ್ಲಿಟ್ಟು ಆಮೇಲೆ ಬೆಚ್ಚಗಿನ ನೀರಿನಲ್ಲಿಟ್ಟು ಕೂಡಿಸಿದ್ದರು. ಹಿಂದಿನ ವರ್ಷ ಜಾರಿಗೆ ಬಂದಿದ್ದ ಹೊಸ ಕಾನೂನಿನ ಪ್ರಕಾರ ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ. ಅವರ ಹತ್ತಿರ ಇದ್ದದ್ದೂ ವಿಧಾನವೇ.

ಪಂಚಾಕ್ಷರಿ ಚನ್ನವೀರಪ್ಪನವರ ಅಳಿಯ. ಆ ಫೆಬ್ರವರಿಯಲ್ಲಿ ಅವರ ಮಗಳು ಬಸವರಾಜೇಶ್ವರಿಯನ್ನು ಮದುವೆಯಾಗಿ, ಮಾರ್ಚಿನಲ್ಲಿ ಕಾರ್ಖಾನೆಗೆ ಬರತೊಡಗಿದ್ದ. ಇಪ್ಪತ್ತಾರು ವರ್ಷ. ಬನಾರಸಿನಲ್ಲಿ ಓದಿದವನು. ಮಾವ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡುತ್ತಿದ್ದ.

ಅಂದು ಸಂಜೆ ಲಕ್ಷ್ಮೀಪತಿ ಚನ್ನವೀರಪ್ಪನವರ ಕೋಣೆಗೆ ಹೋದರು.

"ಏನ್ರೀ ಲಕ್ಷ್ಮೀಪತಿ, ಡ್ರಾಯಿಂಗ್ ಎಲ್ಲಾ ಮುಗೀತಾ?"

"ಮುಗೀತು ಸಾರ್."

"ಭೇಷ್. ನಾಳೇನೇ ರಿಜಿಸ್ಟರ್ ಮಾಡ್ಸಿ ಕಳಿಸ್ಬಿಡೋಣ." ಅವರು ಮುಂದಿನ ಕಾಗದ ಎತ್ತಿಕೊಂಡರು. ಲಕ್ಷ್ಮೀಪತಿ ನಿಂತೇ ಇದ್ದರು. "ಮತ್ತೇನು?"

"ಏನಿಲ್ಲ ಸಾರ್."

ಹೊರಗೆ ಬಂದು ಛತ್ರಿ ಮರೆತದ್ದು ನೆನಪಾಗಿ ಪ್ರಯೋಗಶಾಲೆಗೆ ಹೋದರು. ಛತ್ರಿ ತೆಗೆದುಕೊಂಡು, ಮೂರನೇ ಬ್ಲಾಕಿನಲ್ಲಿದ್ದ ಬಾಡಿಗೆ ಮನೆಗೆ ನಡೆದುಕೊಂಡು ಹೋದರು. ಹೆಂಡತಿ ಸೀತಾಗೆ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಹೇಳಿದಾಗ ಅವಳು ಒಗೆಯುವ ಬಟ್ಟೆ ಬೇರೆಮಾಡುತ್ತಿದ್ದಳು. ಪ್ರಯೋಗದ ರಾಸಾಯನಿಕಗಳಿಂದ ಅವರ ಷರಟುಗಳಿಗೆ ಹತ್ತುತ್ತಿದ್ದ, ಕೊಳೆತ ಮೀನಿನಂಥ ವಾಸನೆ ಬೇರೆ ಬಟ್ಟೆಗೆ ಅಂಟದಿರಲೆಂದು ಅವಳು ಐದು ವರ್ಷದಿಂದ ಅವನ್ನು ಪ್ರತ್ಯೇಕ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

"ನೀವು ಕೇಳಲಿಲ್ವಾ?"

"ಏನಂತ ಕೇಳ್ಲಿ?"

"ನನ್ನ ಹೆಸರು ಯಾಕಿಲ್ಲ ಅಂತ."

"ಅವರಿಗೆ ಗೊತ್ತಿಲ್ದೇ ಇರೋ ವಿಷಯ ಆಗಿದ್ರೆ ಕೇಳ್ಬಹುದಿತ್ತು," ಎಂದರು ಲಕ್ಷ್ಮೀಪತಿ.

ಅವರು ಕೆಲಸ ಬಿಡಲಿಲ್ಲ. ಮೊದಲಿನಂತೆ ಒಂಬತ್ತಕ್ಕೆ ಬಂದು, ಮಾತ್ರೆಗಳನ್ನು ಪುಡಿಮಾಡಿ ಕರಗಿಸಿ ಪರೀಕ್ಷಿಸಿ, ವರದಿ ಬರೆದು ಸಹಿ ಹಾಕುತ್ತಿದ್ದರು. ಐದು ಗಂಟೆಗೆ ಹೊರಡುತ್ತಿದ್ದರು. ಭಾನುವಾರ ಬರುವುದು ನಿಂತಿತು. ಬಟ್ಟೆಯ ವಾಸನೆಯೂ ಕ್ರಮೇಣ ಹೋಯಿತು.

ಮದರಾಸಿನ ಉತ್ತರ ಬಂದದ್ದು ಮರುವರ್ಷದ ಆಗಸ್ಟಿನಲ್ಲಿ. ಪರೀಕ್ಷಕರು ಮೂರು ಆಕ್ಷೇಪಗಳನ್ನು ಎತ್ತಿದ್ದರು. ಹದಿನೈದು ತಿಂಗಳ ಒಳಗೆ ಅವಕ್ಕೆ ಸಮಾಧಾನ ಕೊಟ್ಟು ಅರ್ಜಿಯನ್ನು ಸರಿಪಡಿಸದಿದ್ದರೆ ಅದನ್ನು ಕೈಬಿಟ್ಟಂತೆ ಎಂದು ಕೊನೆಯಲ್ಲಿ ಬರೆದಿತ್ತು. ಚನ್ನವೀರಪ್ಪನವರು ಇಬ್ಬರನ್ನೂ ಕರೆಸಿದರು. ಲಕ್ಷ್ಮೀಪತಿ ಕಾಗದವನ್ನು ನಿಂತಲ್ಲೇ ಓದಿದರು. ಜರ್ಮನಿಯ ಒಂದು ಹಳೆಯ ವಿಧಾನಕ್ಕೂ ಇದಕ್ಕೂ ಏನು ವ್ಯತ್ಯಾಸ, ಇಷ್ಟೇ ಉಷ್ಣತೆ ಯಾಕೆ, ಎರಡನೆಯ ಉದಾಹರಣೆಯಲ್ಲಿ ಇಳುವರಿ ಯಾಕೆ ಕೊಟ್ಟಿಲ್ಲ. ಮೂರಕ್ಕೂ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು.

"ಏನಂತೀರಿ?" ಎಂದರು ಚನ್ನವೀರಪ್ಪನವರು.

"ಸಂಶೋಧಕರು ಇವರಲ್ವೆ ಸಾರ್. ಇವರೇ ಬರೆದ್ರೆ ಚೆನ್ನಾಗಿರುತ್ತೆ."

ಪಂಚಾಕ್ಷರಿಯ ಕಿವಿಗಳು ಕೆಂಪಾದವು. ಚನ್ನವೀರಪ್ಪನವರು ಕಾಗದವನ್ನು ಅಳಿಯನ ಕಡೆ ತಳ್ಳಿದರು. "ಹದಿನೈದು ತಿಂಗಳು ಅಂದ್ರೆ ಬೇಕಾದಷ್ಟಾಯ್ತು. ನೋಡ್ಕೊಳ್ಳಿ."

ಪಂಚಾಕ್ಷರಿ ಪ್ರಯೋಗವನ್ನು ಮೊದಲಿನಿಂದ ತಾನೇ ಮಾಡಿ ನೋಡಲು ಶುರುಮಾಡಿದ. ಟೈಪಾದ ಹಾಳೆಗಳನ್ನು ಎದುರಿಗಿಟ್ಟುಕೊಂಡು ಅಲ್ಲಿದ್ದ ಹಾಗೆಯೇ ಅಳೆದು ಸುರಿಯುತ್ತಿದ್ದ. ಫ್ಲಾಸ್ಕಿನಲ್ಲಿ ಬಿಳಿಯ ಹರಳುಗಳ ಬದಲು ಡಾಂಬರಿನಂಥ ಕಪ್ಪು ಅಂಟು ಉಳಿಯುತ್ತಿತ್ತು. ಅದನ್ನು ಕೆರೆದು ತೊಳೆಯಲು ಅರ್ಧ ದಿನ ಹಿಡಿಯುತ್ತಿತ್ತು. ತೊಳೆಯುವ ಆಳಿಗೆ ಕೊಡದೆ ಅವನೇ ತೊಳೆಯುತ್ತಿದ್ದ. ಮುಂದಿನ ವಾರ ಮತ್ತೆ ಮಾಡುತ್ತಿದ್ದ. ಪಕ್ಕದ ಮೇಜಿನಲ್ಲಿ ಲಕ್ಷ್ಮೀಪತಿ ಸಲ್ಫಾ ಮಾತ್ರೆ ಅರೆಯುತ್ತ ಕೂತಿರುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಆದರೆ ಹನಿ ಬೀಳುವ ಸದ್ದು ಕೇಳುತ್ತಿತ್ತು. ಅದು ಹೆಚ್ಚು ಬೇಗ ಬೀಳುತ್ತಿದೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಹೀಗೆ ಎಂಟು ತಿಂಗಳು ನಡೆಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಆಸ್ಬೆಸ್ಟಾಸ್ ಕಾದು ಕೋಣೆ ಒಲೆಯಂತಾಗಿದ್ದಾಗ, ಪಂಚಾಕ್ಷರಿ ಮತ್ತೆ ಫ್ಲಾಸ್ಕನ್ನು ಐಸಿನಲ್ಲಿಟ್ಟ. ಮೇಲಿನ ಕೊಳವೆಯ ಕೀಲಿಯನ್ನು ತಿರುಗಿಸಿದ. ಹನಿಗಳು ಒಂದರ ಹಿಂದೊಂದು ಟಪಟಪನೆ ಬಿದ್ದವು. ಲಕ್ಷ್ಮೀಪತಿ ಕೈಲಿದ್ದದ್ದನ್ನು ಕೆಳಗಿಟ್ಟು ಎದ್ದು ಬಂದು ಕೀಲಿ ತಿರುಗಿಸಿ ಹನಿ ನಿಲ್ಲಿಸಿದರು.

"ಐಸು ಕರಗಿ ನೀರಾಗಿದೆ, ನೋಡಿ. ಒಳಗೆ ಎಷ್ಟಿದೆ ಡಿಗ್ರಿ?"

"ಹನ್ನೆರಡು ಸಾರ್."

"ಐದು ದಾಟಬಾರದು. ಉಪ್ಪು ಹಾಕಿ ಐಸಿಗೆ. ಹನಿ ಅಂದ್ರೆ ಹನಿ, ಧಾರೆ ಅಲ್ಲ. ಒಂದು ಬಿದ್ದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆಮೇಲೆ ಇನ್ನೊಂದು."

"ಇದು ಹಾಳೆಯಲ್ಲಿ ಬರೆದಿಲ್ಲ ಸಾರ್."

"ನಿಧಾನವಾಗಿ ಅಂತ ಬರೆದಿದೆ."

ಇಬ್ಬರೂ ಫ್ಲಾಸ್ಕಿನ ಎದುರು ನಿಂತರು. ಎರಡು ಗಂಟೆ ಹೊತ್ತು ಲಕ್ಷ್ಮೀಪತಿ ಕೀಲಿಯ ಮೇಲಿನ ಕೈ ತೆಗೆಯಲಿಲ್ಲ. ನಡುವೆ ಒಮ್ಮೆ ಪಂಚಾಕ್ಷರಿ, "ಸಾರ್, ಆ ಹೆಸರಿನ ವಿಷಯ... ನನಗೆ ಆಗ ನಿಜವಾಗ್ಲೂ ಗೊತ್ತಿರಲಿಲ್ಲ. ಮಾವನವರು..." ಎಂದು ಶುರುಮಾಡಿದ.

"ಥರ್ಮಾಮೀಟರ್ ನೋಡ್ತಾ ಇರಿ," ಎಂದರು ಲಕ್ಷ್ಮೀಪತಿ.

ಆ ದಿನ ಅಂಟು ಕಪ್ಪಾಗಲಿಲ್ಲ, ಕಂದುಬಣ್ಣಕ್ಕೇ ನಿಂತಿತು. ಹರಳು ಇನ್ನೂ ಬರಲಿಲ್ಲ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಅವರು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ಮದರಾಸಿಗೆ ಬರೆಯಬೇಕಾದ ಉತ್ತರದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಸುಂಕದಕಟ್ಟೆಯ ಕೆಂಚಪ್ಪ ಕಾರ್ಖಾನೆಯ ಗೇಟಿಗೆ ಬಂದು ಲಕ್ಷ್ಮೀಪತಿಯವರನ್ನು ಕೇಳಿದ. ಕೆಂಚಪ್ಪನದು ನಲವತ್ತು ಕುರಿಗಳ ಹಿಂಡು. ಅರ್ಜಿ ಹಾಕುವ ಹಿಂದಿನ ವರ್ಷ ಹೊಟ್ಟೆಹುಳು ಬಿದ್ದು ಕುರಿಗಳು ಬಡಕಲಾಗಿದ್ದಾಗ, ಲಕ್ಷ್ಮೀಪತಿ ಒಬ್ಬ ಪಶುವೈದ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ ಹನ್ನೆರಡು ಕುರಿಗಳಿಗೆ ತಮ್ಮ ಪುಡಿ ಕುಡಿಸಿದ್ದರು. ಹನ್ನೆರಡೂ ಚೇತರಿಸಿಕೊಂಡಿದ್ದವು. ಆಮೇಲೆ ಅವರು ಆ ಕಡೆ ಹೋಗಿರಲಿಲ್ಲ.

"ಆ ಬಿಳೀ ಪುಡಿ ಇನ್ನೊಂದಿಷ್ಟು ಕೊಡಿ ಸ್ವಾಮಿ. ಈ ಸಲ ಮರಿಗಳಿಗೂ ಹತ್ಕೊಂಡೈತೆ. ಮೂರು ಹೋದ್ವು."

"ಅದು ಈಗ ಇಲ್ಲಪ್ಪ ಕೆಂಚಪ್ಪ."

"ಅಂಗಡೀಲಿ ಸಿಕ್ಕುತ್ತಾ? ಹೆಸರು ಬರೆದುಕೊಡಿ, ತಕೊಂಡೋಗ್ತೀನಿ."

"ಅದಕ್ಕೆ ಹೆಸರಿಲ್ಲ ಇನ್ನೂ. ಅಂಗಡೀಲಿ ಸಿಗೋದು ಬೇರೆ, ಹೊರದೇಶದ್ದು."

"ಅದನ್ನ ಒಂದ್ಸಲ ತಂದಿದ್ದೆ ಸ್ವಾಮಿ. ಒಂದು ಕುರಿ ಉಳಿಸ್ಕೊಳೋಕೆ ಇನ್ನೊಂದು ಕುರಿ ಮಾರ್ಬೇಕು." ಕೆಂಚಪ್ಪ ನಕ್ಕ. "ನೀವು ಮಾಡೋದು ನಿಲ್ಲಿಸ್ಬಿಟ್ರಾ? ಯಾಕೆ, ಚೆನ್ನಾಗಿತ್ತಲ್ಲ?"

ಲಕ್ಷ್ಮೀಪತಿ ನೋಡೋಣ ಎಂದು ಹೇಳಿ ಕಳಿಸಿದರು. ಕೆಂಚಪ್ಪ ಮಾಗಡಿ ರಸ್ತೆಯ ಕಡೆಗೆ ನಡೆದು ಹೋಗುವುದನ್ನು ಗೇಟಿನಲ್ಲೇ ನಿಂತು ನೋಡಿದರು.

ಆ ಭಾನುವಾರ ಮನೆಯ ನಡುಮನೆಯಲ್ಲಿ ಕೂತು ಬರೆಯಲು ಶುರುಮಾಡಿದರು. ಒಂದೊಂದು ಆಕ್ಷೇಪಕ್ಕೆ ನಾಲ್ಕು ನಾಲ್ಕು ಪುಟ. ಮುಂದಿನ ಭಾನುವಾರಕ್ಕೆ ಮುಗಿಯಿತು. ಸೀತಾ ಕಾಫಿ ತಂದಿಟ್ಟು ಹಾಳೆಗಳನ್ನು ನೋಡಿದಳು.

"ಯಾರ ಹೆಸರಿಗೆ ಇದು?"

"ಇರೋ ಹೆಸರಿಗೇ."

"ನಾನು ಐದು ವರ್ಷ ಬಕೆಟ್ಟಲ್ಲಿ ಬಟ್ಟೆ ನೆನೆಸಿದ್ದು ಆ ಹುಡುಗನ ಹೆಸರಿಗಾ?"

"ಹೆಸರು ಯಾರದ್ದಾದ್ರೇನು? ಪೇಟೆಂಟ್ ಆದ್ರೆ ಚನ್ನವೀರಪ್ಪ ಅದನ್ನ ಮಾಡಿಸ್ತಾರೆ. ಆಗದೇ ಇದ್ರೆ ಕೈ ಹಾಕೋದಿಲ್ಲ. ಅಷ್ಟೇ ಇರೋದು."

"ಹೋದ ವರ್ಷ ಹೀಗೆ ಹೇಳ್ಲಿಲ್ಲ ನೀವು."

"ಹೋದ ವರ್ಷ ಕೋಪ ಬಂದಿತ್ತು."

"ಈಗ ಹೋಯ್ತಾ?"

ಅವರು ಸ್ವಲ್ಪ ಯೋಚಿಸಿದರು. "ಇಲ್ಲ," ಎಂದರು.

ಸೋಮವಾರ ಆ ಹನ್ನೆರಡು ಪುಟಗಳನ್ನು ಪಂಚಾಕ್ಷರಿಯ ಕೈಗಿಟ್ಟರು. "ಟೈಪ್ ಮಾಡ್ಸಿ, ಸಹಿ ಹಾಕಿ ಕಳಿಸಿ. ನವೆಂಬರ್ ಮೂರನೇ ವಾರಕ್ಕೆ ಗಡುವು. ತಡ ಮಾಡ್ಬೇಡಿ." ಪಂಚಾಕ್ಷರಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲಕ್ಷ್ಮೀಪತಿ ತಮ್ಮ ಮೇಜಿಗೆ ಹೋಗಿ ತಕ್ಕಡಿಯ ಗಾಜಿನ ಬಾಗಿಲು ಒರೆಸತೊಡಗಿದ್ದರು.

ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಒಂದೆರಡು ಸಲ ಚನ್ನವೀರಪ್ಪನವರು, "ಮದರಾಸಿಗೆ ಹೋಯ್ತೇನ್ರೀ ಅದು?" ಎಂದು ಕೇಳಿದ್ದನ್ನೂ ಪಂಚಾಕ್ಷರಿ "ಹೂಂ" ಎಂದದ್ದನ್ನೂ ಲಕ್ಷ್ಮೀಪತಿ ಕೇಳಿಸಿಕೊಂಡಿದ್ದರು. ಜನವರಿಯ ಮೂರನೆಯ ವಾರ ಪಂಕಜಾ ಬೆಳಗಿನ ಟಪಾಲು ಒಡೆದು, ಒಂದು ಕಾಗದವನ್ನು ಹಿಡಿದು ನೇರ ಪ್ರಯೋಗಶಾಲೆಗೆ ಬಂದಳು. ನಾಲ್ಕೇ ಸಾಲು. ನಿಗದಿಯಾದ ಅವಧಿಯಲ್ಲಿ ಉತ್ತರ ಬಾರದ ಕಾರಣ ಅರ್ಜಿಯನ್ನು ಕೈಬಿಡಲಾಗಿದೆ ಎಂದು ಭಾವಿಸಲಾಗಿದೆ.

"ನೀನು ಟೈಪ್ ಮಾಡ್ಲಿಲ್ವೇನಮ್ಮ ಉತ್ತರಾನ?"

"ನನಗೆ ಯಾವ ಉತ್ತರಾನೂ ಬರಲಿಲ್ಲ ಸಾರ್," ಎಂದಳು ಪಂಕಜಾ.

ಪಂಚಾಕ್ಷರಿ ಹತ್ತು ಗಂಟೆಗೆ ಬಂದ. ಸ್ಕೂಟರ್ ನಿಲ್ಲಿಸಿ ಒಳಗೆ ಬಂದವನು, ಮೇಜಿನ ಮೇಲೆ ಕಾಗದ ಕಂಡು ಬಾಗಿಲಲ್ಲೇ ನಿಂತ. ಆಮೇಲೆ ತನ್ನ ಕೈಚೀಲದಿಂದ ಆ ಹನ್ನೆರಡು ಪುಟಗಳನ್ನು ತೆಗೆದು ಪಕ್ಕದಲ್ಲಿಟ್ಟ. ಮೂರು ತಿಂಗಳು ಅವನು ಅವನ್ನು ದಿನವೂ ಮನೆಗೆ ಒಯ್ದು ವಾಪಸು ತರುತ್ತಿದ್ದನೆಂದು ಮಡಿಕೆಗಳೇ ಹೇಳುತ್ತಿದ್ದವು.

"ಸಹಿ ಹಾಕೋಕೆ ಕೂತೆ ಸಾರ್. ನಾಲ್ಕೈದು ಸಲ ಕೂತೆ. 'ನಾನು ನಡೆಸಿದ ಪ್ರಯೋಗಗಳಲ್ಲಿ' ಅಂತ ಶುರುವಾಗುತ್ತೆ ನಿಮ್ಮ ಉತ್ತರ. ನನ್ನ ಕೈಲಿ ಒಂದು ಹರಳೂ ಬಂದಿರಲಿಲ್ಲ. ಮೊದಲನೇ ಸಲ ಗೊತ್ತಿಲ್ದೆ ಸಹಿ ಹಾಕಿದ್ದೆ. ಈಗ ಗೊತ್ತಿದ್ದೂ ಹ್ಯಾಗೆ ಹಾಕ್ಲಿ?"

"ಮಾವನವರಿಗೆ ಹೇಳ್ಬೇಕಿತ್ತು."

"ಹೇಳೋಕೆ ಧೈರ್ಯ ಬರಲಿಲ್ಲ. ಅವರ ಮನೇಲೇ ಇದೀನಿ ಸಾರ್. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..." ಅವನು ಹಾಳೆಗಳ ಮಡಿಕೆ ನೀವಿದ. "ನಿಮಗೆ ಆದ ಅನ್ಯಾಯಕ್ಕೆ ಮತ್ತೆ ನನ್ನ ಕೈ ಸೇರೋದು ಬೇಡ ಅನ್ನಿಸ್ತು."

ಲಕ್ಷ್ಮೀಪತಿ ಎದ್ದು ನಿಂತರು. ಅವರು ಆ ಕೋಣೆಯಲ್ಲಿ ದನಿ ಏರಿಸಿದ್ದನ್ನು ಪಂಕಜಾ ಅದುವರೆಗೆ ಕೇಳಿರಲಿಲ್ಲ.

"ಅನ್ಯಾಯ ಆಗಿದ್ದು ನನಗೆ. ಅದನ್ನ ನುಂಗಿಕೊಂಡು ಬರೆದುಕೊಟ್ಟಿದ್ದು ನಾನು. ನನ್ನ ಹೆಸರು ನಾನೇ ಬಿಟ್ಟಿದ್ದೆ ಕಣಯ್ಯ! ಅದನ್ನ ಕಾಪಾಡು ಅಂತ ನಿನ್ನ ಯಾರು ಕೇಳಿದ್ರು?"

"ಸಾರ್..."

"ನಿನ್ನ ಮನಸ್ಸು ಹಗುರ ಆಯ್ತು. ಸುಳ್ಳು ಸಹಿ ಹಾಕಲಿಲ್ಲ ಅಂತ ನೆಮ್ಮದಿಯಾಗಿ ನಿದ್ದೆ ಮಾಡ್ತೀಯ. ಆ ಅರ್ಜಿ? ಅಚ್ಚಾಗಿಲ್ಲ, ಎಲ್ಲೂ ಹೊರಗೆ ಬಂದಿಲ್ಲ. ಮದರಾಸಲ್ಲಿ ಯಾವುದೋ ಬೀರುವಲ್ಲಿ ಗೆದ್ದಲು ತಿನ್ನುತ್ತೆ. ನನ್ನ ಹೆಸರೂ ಇಲ್ಲ, ನಿನ್ನ ಹೆಸರೂ ಇಲ್ಲ. ಐದು ವರ್ಷ!"

ಪಂಚಾಕ್ಷರಿ ತಲೆ ತಗ್ಗಿಸಿ ನಿಂತಿದ್ದ. ಅವನ ಕಣ್ಣಿಂದ ನೀರು ಮೇಜಿನ ಮೇಲೆ ಬಿತ್ತು. ಲಕ್ಷ್ಮೀಪತಿ ಅದನ್ನು ನೋಡಿ ಕುರ್ಚಿಯಲ್ಲಿ ಕೂತರು. ಯಜಮಾನರ ಅಳಿಯನನ್ನು ನೀನು ಎಂದು ಕರೆದದ್ದು ಅವರಿಗೆ ಆಗ ಅರಿವಾಯಿತು. ತಿದ್ದಿಕೊಳ್ಳಲು ಹೋಗಲಿಲ್ಲ.

ಚನ್ನವೀರಪ್ಪನವರಿಗೆ ಅವತ್ತೇ ಮಧ್ಯಾಹ್ನ ಪಂಚಾಕ್ಷರಿ ಎಲ್ಲವನ್ನೂ ಹೇಳಿದ. ಗುಡುಗುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಲಕ್ಷ್ಮೀಪತಿಯವರನ್ನು ಕರೆಸಿ, ಕನ್ನಡಕದ ಮೇಲಿಂದ ನೋಡಿದರು.

"ಹೆಸರಿನ ವಿಷಯಕ್ಕೆ ಇಷ್ಟೆಲ್ಲಾ ಆಯ್ತೇನ್ರೀ? ಎಂ.ಫಾರ್ಮ್ ಅಂತ ಇದ್ರೆ ಮದರಾಸಿನೋರು ಸ್ವಲ್ಪ ಮರ್ಯಾದೆ ಕೊಡ್ತಾರೆ ಅಂತ ಹಾಕ್ಸಿದ್ದೆ. ನೀವು ಅವತ್ತೇ ಒಂದು ಮಾತು ಹೇಳಿದ್ರೆ ಬದಲಾಯಿಸ್ತಿದ್ದೆನಪ್ಪ. ನನಗೇನಾಗ್ಬೇಕು ಅದರಲ್ಲಿ?"

ಚನ್ನವೀರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗ್ಲಿ ಬಿಡಿ. ಅದು ಎಲ್ಲೂ ಪ್ರಕಟ ಆಗಿಲ್ವಲ್ಲ, ಮತ್ತೆ ಹೊಸದಾಗಿ ಹಾಕ್ಬಹುದು ಅಂತಾನೆ ನಮ್ಮ ಅಳಿಯ. ಹಾಕಿ. ಈ ಸಲ ನಿಮ್ಮ ಹೆಸರೇ ಇರ್ಲಿ. ಪಂಕಜಾಗೆ ಹೇಳ್ತೀನಿ."

ಹೊಸ ಅರ್ಜಿಯಲ್ಲಿ ಅದುವರೆಗೆ ಗೊತ್ತಿದ್ದ ವಿಧಾನಗಳನ್ನೆಲ್ಲ ಹೇಳಬೇಕಿತ್ತು. ಹಾಗಾಗಿ ಲಕ್ಷ್ಮೀಪತಿ ಶನಿವಾರ ಬಸ್ಸು ಹಿಡಿದು ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನ ಗ್ರಂಥಾಲಯಕ್ಕೆ ಹೋದರು. ಎರಡೂವರೆ ವರ್ಷದಿಂದ ಅವರು ಅತ್ತ ಕಾಲಿಟ್ಟಿರಲಿಲ್ಲ. ಜಗತ್ತಿನ ರಸಾಯನ ಪತ್ರಿಕೆಗಳ ಸಾರಾಂಶಗಳನ್ನು ಕೊಡುವ ದಪ್ಪ ಸಂಪುಟಗಳು ಆ ಎರಡೂವರೆ ವರ್ಷದಲ್ಲಿ ಒಂದು ಕಪಾಟು ತುಂಬಿದ್ದವು. ಒಂದೊಂದನ್ನೇ ಇಳಿಸಿ ಸೂಚಿಯಲ್ಲಿ ಬೆರಳಾಡಿಸಿದರು. ಮೂರು ಗಂಟೆಯ ಹೊತ್ತಿಗೆ, ಹಿಂದಿನ ಜೂನ್ ತಿಂಗಳ ಸಂಚಿಕೆಯಲ್ಲಿ, ಆರು ಸಾಲಿನ ಒಂದು ಟಿಪ್ಪಣಿ ಸಿಕ್ಕಿತು. ಜಪಾನಿನ ಮೂವರು. ಅದೇ ಉಂಗುರ. ಗಾಜಿನ ಪಾತ್ರೆ, ಐಸು, ಆಮೇಲೆ ಬೆಚ್ಚಗಿನ ನೀರು. ಉಷ್ಣತೆಯಲ್ಲಿ ಎರಡು ಡಿಗ್ರಿ ವ್ಯತ್ಯಾಸ.

ಹಳೆಯ ಅರ್ಜಿ ಜೀವಂತ ಇದ್ದಿದ್ದರೆ ಅದು ಈ ಆರು ಸಾಲಿಗಿಂತ ಎರಡು ವರ್ಷ ಮುಂಚಿನದು. ಹೊಸ ಅರ್ಜಿ ಇದಕ್ಕಿಂತ ಮುಂಚಿನದಾಗಲು ಸಾಧ್ಯವಿರಲಿಲ್ಲ; ಆಗಲೇ ಅಚ್ಚಾದ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದು ಆರೂ ಸಾಲುಗಳನ್ನು, ಸಂಪುಟ ಸಂಖ್ಯೆ ಪುಟ ಸಂಖ್ಯೆ ಸಹಿತ, ಒಂದು ಚೀಟಿಯಲ್ಲಿ ನಕಲು ಮಾಡಿಕೊಂಡರು. ಸಂಪುಟಗಳನ್ನು ತೆಗೆದ ಕ್ರಮದಲ್ಲೇ ವಾಪಸು ಜೋಡಿಸಿಟ್ಟರು. ಹೊರಗೆ ಬಂದು ಒಂದು ಮರದ ಕೆಳಗೆ ಬಹಳ ಹೊತ್ತು ಕೂತರು. ಮನೆಗೆ ಹೋಗಿ ಸೀತಾಗೆ, ತಲೆನೋವು ಎಂದರು.

ಸೋಮವಾರ ಅವರು ಹೋಗುವಷ್ಟರಲ್ಲಿ ಪಂಚಾಕ್ಷರಿ ಆಗಲೇ ಬಂದು ಫ್ಲಾಸ್ಕನ್ನು ಐಸಿನಲ್ಲಿಟ್ಟು ಸಿದ್ಧಮಾಡಿಕೊಂಡಿದ್ದ. ಲಕ್ಷ್ಮೀಪತಿಯವರ ಮೇಜಿನ ಮೇಲೆ ಹೊಸ ಅರ್ಜಿಯ ಮೊದಲ ಪುಟ ಇತ್ತು. ನಿಜವಾದ ಹಾಗೂ ಮೊದಲ ಸಂಶೋಧಕ: ಲಕ್ಷ್ಮೀಪತಿ. ಪಂಕಜಾ ಆ ಹೆಸರನ್ನು ಎರಡು ಸಲ ಹೊಡೆದಿದ್ದಳೇನೋ, ಅಕ್ಷರಗಳು ಉಳಿದವುಗಳಿಗಿಂತ ಕಪ್ಪಾಗಿದ್ದವು.

"ಇವತ್ತು ಬಂದೇ ಬರುತ್ತೆ ಸಾರ್," ಎಂದ ಪಂಚಾಕ್ಷರಿ. "ನಾಲ್ಕು ಡಿಗ್ರಿ ಇದೆ. ಶುರು ಮಾಡ್ಲಾ?"

ಲಕ್ಷ್ಮೀಪತಿ ಚೀಟಿಯಿದ್ದ ಜೇಬಿನ ಮೇಲೆ ಕೈಯಿಟ್ಟರು. ಅವನ ಮುಖ ನೋಡಿದರು. ರಾತ್ರಿ ಸರಿಯಾಗಿ ನಿದ್ದೆ ಮಾಡಿದವನ ಮುಖ ಅದಾಗಿರಲಿಲ್ಲ.

"ಮಾಡು," ಎಂದರು.

ಅವನು ತುಟಿಯಲ್ಲೇ ಹತ್ತು ಎಣಿಸುತ್ತ ಒಂದೊಂದೇ ಹನಿ ಬಿಟ್ಟ. ಲಕ್ಷ್ಮೀಪತಿ ಹಿಂದೆ ಕೈಕಟ್ಟಿ ನಿಂತಿದ್ದರು. ಈ ಸಲ ಅವರು ಕೀಲಿ ಮುಟ್ಟಲಿಲ್ಲ. ಎರಡು ಗಂಟೆ ಕಳೆದು, ಬೆಚ್ಚಗಿನ ನೀರಿನಲ್ಲಿ ಇನ್ನೊಂದು ಗಂಟೆ ಇಟ್ಟು, ತಣಿಯಲು ಬಿಟ್ಟು ಊಟಕ್ಕೆ ಹೋದರು. ವಾಪಸು ಬಂದಾಗ ಫ್ಲಾಸ್ಕಿನ ತಳದಲ್ಲಿ ಬೆಳ್ಳಗಿನ ಸೂಜಿಗಳಂಥ ಹರಳುಗಳು ಬೆಳೆದಿದ್ದವು. ಅವರಿಬ್ಬರೂ ನೋಡುತ್ತಿದ್ದಂತೆ ಇನ್ನಷ್ಟು ಹರಳುಗಳು ತಿಳಿಯ ನಡುವಿನಿಂದ ಹುಟ್ಟಿ ಕೆಳಗಿಳಿದವು. ಪಂಚಾಕ್ಷರಿ ಜೋರಾಗಿ ನಕ್ಕುಬಿಟ್ಟ. ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿದ.

"ಸಾರ್, ನೋಡಿ! ನೋಡಿ ಸಾರ್!"

"ನೋಡ್ದೆ. ಅಲ್ಲಾಡಿಸ್ಬೇಡ. ಸೋಸು."

ಸೋಸಿ, ತೊಳೆದು, ಒತ್ತಿ, ಒಣಗಲು ಹರಡಿದ. ನಾಲ್ಕೂವರೆಗೆ ತೂಕ ಹಾಕಿ ಲೆಕ್ಕ ಹಿಡಿದು, "ಅರವತ್ತೊಂದು ಪರ್ಸೆಂಟ್," ಎಂದ. "ನಿಮಗೆ ಎಷ್ಟು ಬಂದಿತ್ತು ಸಾರ್, ಮೊದಲನೇ ಸಲ?"

"ಐವತ್ತೆಂಟು."

ಆಗ ಲಕ್ಷ್ಮೀಪತಿ ಚೀಟಿಯನ್ನು ತೆಗೆದು ಅವನ ಮುಂದಿಟ್ಟರು. ಪಂಚಾಕ್ಷರಿ ಓದಿದ. ತಾರೀಖನ್ನು ಬೆರಳಿಟ್ಟು ನೋಡಿದ. ಬಹಳ ಹೊತ್ತು ಬೆರಳು ಅಲ್ಲೇ ಇತ್ತು.

"ನವೆಂಬರಿನಲ್ಲಿ ನಾನು ಕಳಿಸಿದ್ದಿದ್ರೆ..."

"ಹೂಂ."

"ನಿಮಗೆ ಯಾವಾಗ ಗೊತ್ತಾಯ್ತು ಸಾರ್ ಇದು?"

"ಶನಿವಾರ."

"ಮತ್ತೆ ಬೆಳಗ್ಗೇನೇ ಯಾಕೆ ಹೇಳಲಿಲ್ಲ?"

ಲಕ್ಷ್ಮೀಪತಿ ಪ್ರಯೋಗದ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಹೊಸ ಪುಟದ ಮೇಲೆ ತಾರೀಖು ಹಾಕಿದರು. ತೂಕ, ಉಷ್ಣತೆ, ಹೊತ್ತು ಎಲ್ಲವನ್ನೂ ಬರೆದು, ಪ್ರಯೋಗ ಮಾಡಿದವರು ಎಂಬಲ್ಲಿ ಪಂಚಾಕ್ಷರಿಯ ಹೆಸರು ಬರೆದರು. ಪುಸ್ತಕವನ್ನೂ ಪೆನ್ನನ್ನೂ ಅವನ ಕಡೆ ತಿರುಗಿಸಿದರು.

"ಈ ಹರಳು ನಿನ್ನ ಕೈಲೇ ಬಂದದ್ದು. ಸಹಿ ಹಾಕು," ಎಂದರು.

ಅವನು ಹಾಕಲಿಲ್ಲ. ಪೆನ್ನು ಹಿಡಿದುಕೊಂಡು ಕೂತ. ಹೊರಗೆ ಐದು ಗಂಟೆಯ ಸೈರನ್ ಆಯಿತು; ಎಸ್ಟೇಟಿನ ಗೇಟುಗಳಿಂದ ಜನ ಸೈಕಲ್ಲುಗಳನ್ನು ತಳ್ಳಿಕೊಂಡು ರಸ್ತೆಗೆ ಬರುವ ಸದ್ದು ಕೇಳಿಸಿತು. ಲಕ್ಷ್ಮೀಪತಿ ಎದ್ದು ನಲ್ಲಿಯ ಹತ್ತಿರ ಹೋಗಿ, ತೋಳು ಮಡಿಸಿ, ಫ್ಲಾಸ್ಕನ್ನು ತೊಳೆಯತೊಡಗಿದರು.